ಸೊಸೈಟಿ ಟಿವಿಯಲ್ಲಿ ಅಡಿಕೆ ದರದ ಸ್ಲೈಡ್‌ಶೋ ತಾನಾಗಿ ಓಡಬೇಕು, ದಾರಿ ಹೇಳಿ

ತುಂಗೆಯ ದಂಡೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಸಹಕಾರ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಹಾಲ್‌ನಲ್ಲಿ 43 ಇಂಚಿನ ಟಿವಿ ಇದೆ. ಅದರಲ್ಲಿ ಒಂಬತ್ತು ಸ್ಲೈಡ್ ದಿನವಿಡೀ ತಿರುಗುತ್ತವೆ. ಮೊದಲ ಎರಡರಲ್ಲಿ ಅಡಿಕೆ ದರ. ಆಮೇಲೆ ಕಾಳುಮೆಣಸು, ಗೊಬ್ಬರದ ಸ್ಟಾಕ್, ಸಾಲದ ಕಂತಿನ ಕೊನೇ ದಿನ, ಸಭೆ ನೋಟಿಸು. ಎಲ್ಲಾ ಪವರ್‌ಪಾಯಿಂಟ್‌ನಲ್ಲಿ ಮಾಡಿದ್ದು. ಒಂದು ಹಳೇ ವಿಂಡೋಸ್ ಕಂಪ್ಯೂಟರನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಸೇರಿಸಿದ್ದೇವೆ.

ದಿನಾ ನಡೆಯುವುದು ಹೀಗೆ. ಶಿವಮೊಗ್ಗದಲ್ಲಿ ಟೆಂಡರ್ ಮುಗಿದ ಮೇಲೆ ಫೋನಿನಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ದರ ಕೇಳಿ ಬರೆದುಕೊಳ್ಳುತ್ತೇನೆ. ನನ್ನ ಕಂಪ್ಯೂಟರಿನಲ್ಲಿ ಸ್ಲೈಡ್ ತಿದ್ದಿ, ಪೆನ್‌ಡ್ರೈವ್‌ಗೆ ಹಾಕಿ, ಟಿವಿ ಹತ್ತಿರ ಸ್ಟೂಲ್ ಹತ್ತಿ ಹೊಸ ಫೈಲ್ ಓಡಿಸುತ್ತೇನೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗುತ್ತದೆ. ಕರೆಂಟ್ ಬಂದ ಮೇಲೆ ಟಿವಿಯಲ್ಲಿ ಬರೀ ಡೆಸ್ಕ್‌ಟಾಪ್ ಕಾಣುತ್ತಿರುತ್ತದೆ. ನಾನು ಎದ್ದು ಹೋಗಿ ಮತ್ತೆ ಶುರು ಮಾಡಬೇಕು.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ಹೋದ ವಾರ ಎರಡು ದಿನ ರಜೆ ಹಾಕಿದ್ದೆ. ಟಿವಿಯಲ್ಲಿ ಸೋಮವಾರದ ರಾಶಿ ದರವೇ ಓಡುತ್ತಾ ಇತ್ತು. ಬುಧವಾರ ಬಂದ ಒಬ್ಬ ವಯಸ್ಸಾದ ಬೆಳೆಗಾರರು ಅದನ್ನು ನೋಡಿ, ಮನೆಗೆ ಫೋನ್ ಮಾಡಿ, ಚೀಲ ಲೋಡ್ ಮಾಡಿಸಿದ್ದಾರೆ. ಅಷ್ಟರಲ್ಲಿ ದರ ಇಳಿದಿತ್ತು. ಅವರು ಬೈಯಲಿಲ್ಲ. "ಬೋರ್ಡಲ್ಲಿ ಹಾಕಿದ್ರಲ್ಲ ಮಾರಾಯ್ರೇ" ಅಂದರು, ಅಷ್ಟೇ. ಆವತ್ತಿನಿಂದ ನನಗೆ ಸಮಾಧಾನ ಇಲ್ಲ.

ಎಲ್ಲಿದ್ದರೂ ದರ ಬದಲಿಸಲು ಆಗಬೇಕು. ಕರೆಂಟ್ ಬಂದ ತಕ್ಷಣ ಶೋ ತಾನಾಗಿ ಶುರುವಾಗಬೇಕು. ಬೆಳಿಗ್ಗೆ ಸಾಲದ ಸ್ಲೈಡ್, ಮಧ್ಯಾಹ್ನದ ಮೇಲೆ ದರದ ಸ್ಲೈಡ್ ಜಾಸ್ತಿ ಬರುವಂತೆ ಆದರೆ ಇನ್ನೂ ಒಳ್ಳೆಯದು. ಪೈಥಾನ್ ಪ್ರೋಗ್ರಾಮಿಂಗ್ ಸ್ವಲ್ಪ ಬರುತ್ತದೆ. ಸೊಸೈಟಿ ಆದ್ದರಿಂದ ಖರ್ಚು ಮಿತಿಯಲ್ಲಿರಬೇಕು. ಯಾರಾದರೂ ಇಂಥದ್ದು ಮಾಡಿದ್ದೀರಾ?

ದುರ್ಗಿಗುಡಿ ರಸ್ತೆ, ಶಿವಮೊಗ್ಗ

ನಮಸ್ಕಾರ ಸರ್. ನೀವು ಈಗ ಇಟ್ಟುಕೊಂಡಿರುವ ಪವರ್‌ಪಾಯಿಂಟನ್ನೇ ಪ್ರೋಗ್ರಾಮ್‌ನಿಂದ ನಡೆಸಬಹುದು. ವಿಂಡೋಸ್‌ನಲ್ಲಿ ಕಾಮ್ ಎಂಬ ವ್ಯವಸ್ಥೆ ಇದೆ. ಪೈಥಾನ್‌ಗೆ ಪೈವಿನ್32 ಎಂಬ ಲೈಬ್ರರಿ ಹಾಕಿಕೊಂಡರೆ ಅದರ ಮೂಲಕ ಪವರ್‌ಪಾಯಿಂಟ್ ತೆರೆಯಬಹುದು, ಫೈಲ್ ಓಡಿಸಬಹುದು, ಮುಂದಿನ ಸ್ಲೈಡ್, ಹಿಂದಿನ ಸ್ಲೈಡ್, ಇಂತಿಷ್ಟನೇ ಸ್ಲೈಡ್‌ಗೆ ಹೋಗು ಅಂತ ಹೇಳಬಹುದು. ಶೋ ಓಡುತ್ತಾ ಇದೆಯೋ, ನಿಂತಿದೆಯೋ, ಮುಗಿದಿದೆಯೋ ಅಂತಲೂ ಕೇಳಬಹುದು. ಉತ್ತರ ಒಂದು ಅಂಕಿಯಲ್ಲಿ ಬರುತ್ತದೆ. 1 ಅಂದರೆ ಓಡುತ್ತಿದೆ, 2 ಅಂದರೆ ತಡೆದಿದೆ, 5 ಅಂದರೆ ಮುಗಿದಿದೆ. ಒಂದು ಸಣ್ಣ ಪ್ರೋಗ್ರಾಮ್ ಅರ್ಧ ನಿಮಿಷಕ್ಕೊಮ್ಮೆ ಇದನ್ನು ಕೇಳುತ್ತಾ ಇರಲಿ. ಓಡದಿದ್ದರೆ ಮತ್ತೆ ಓಡಿಸಲಿ.

ನಿಮಗೆ ಜಾಸ್ತಿ ಉಪಯೋಗ ಆಗುವ ವಿಷಯ ಬೇರೆ ಇದೆ. ಶೋ ಓಡುತ್ತಿರುವಾಗಲೇ ಸ್ಲೈಡ್ ಮೇಲಿನ ಅಕ್ಷರ ಬದಲಿಸಬಹುದು. ದರದ ಪೆಟ್ಟಿಗೆಗಳಿಗೆ ಒಂದೊಂದು ಹೆಸರು ಕೊಡಿ. ಪ್ರೋಗ್ರಾಮ್ ಆ ಹೆಸರು ಹಿಡಿದು ಹೊಸ ಅಂಕಿ ತುಂಬುತ್ತದೆ. ಫೈಲ್ ಮುಚ್ಚಿ ತೆರೆಯುವ ಕೆಲಸ ಇಲ್ಲ.

ಸ್ಲೈಡ್‌ಶೋ ಸೆಟ್ಟಿಂಗ್‌ನಲ್ಲಿ ಕಿಯೋಸ್ಕ್ ಆಯ್ಕೆ ಹಾಕಿ. ಆಗ ಶೋ ಕೊನೆ ಮುಟ್ಟಿದ ಮೇಲೆ ತಾನೇ ಮೊದಲಿಗೆ ಬರುತ್ತದೆ. ಯಾರಾದರೂ ಮೌಸ್ ಒತ್ತಿದರೂ ಸ್ಲೈಡ್ ಹಾರುವುದಿಲ್ಲ. ಪ್ರತಿ ಸ್ಲೈಡ್‌ಗೂ ಸಮಯ ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಮೊದಲ ಸ್ಲೈಡ್‌ನಲ್ಲೇ ನಿಂತುಬಿಡುತ್ತದೆ.

ಕರೆಂಟ್ ವಿಷಯಕ್ಕೆ ಮೂರು ಕಡೆ ಕೈ ಹಾಕಬೇಕು. ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಕರೆಂಟ್ ಬಂದ ತಕ್ಷಣ ಯಂತ್ರ ಶುರುವಾಗುವ ಆಯ್ಕೆ ಇರುತ್ತದೆ, ಅದನ್ನು ಹಾಕಿ. ವಿಂಡೋಸ್‌ಗೆ ತಾನಾಗಿ ಲಾಗಿನ್ ಆಗಲು ಹೇಳಿ. ಆಮೇಲೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ನಿಮ್ಮ ಪ್ರೋಗ್ರಾಮನ್ನು ಲಾಗಿನ್ ಆದಾಗ ಓಡುವಂತೆ ಇಡಿ. ಅಲ್ಲಿ "ಬಳಕೆದಾರ ಲಾಗಿನ್ ಆಗಿರಲಿ ಬಿಡಲಿ ಓಡಿಸು" ಅನ್ನುವ ಅರ್ಥದ ಆಯ್ಕೆಯನ್ನು ಮಾತ್ರ ಒತ್ತಬೇಡಿ. ಒತ್ತಿದರೆ ಪ್ರೋಗ್ರಾಮ್ ಪರದೆ ಇಲ್ಲದ ಜಾಗದಲ್ಲಿ ಓಡುತ್ತದೆ, ಟಿವಿಯಲ್ಲಿ ಏನೂ ಕಾಣುವುದಿಲ್ಲ.

ಚಾಲಿ ಅಂಗಳ, ಸಾಗರ

ದುರ್ಗಿಗುಡಿಯವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಆಫೀಸ್ ತಂತ್ರಾಂಶವನ್ನು ಮುಂದೆ ಯಾರೂ ಕೂರದೇ ಪ್ರೋಗ್ರಾಮ್‌ನಿಂದ ನಡೆಸುವುದನ್ನು ಮೈಕ್ರೋಸಾಫ್ಟ್‌ನವರೇ ಶಿಫಾರಸು ಮಾಡುವುದಿಲ್ಲ. ಅದಕ್ಕೆ ಬೆಂಬಲವೂ ಇಲ್ಲ. ಕಾರಣ ಸರಳ. ಅದು ಮನುಷ್ಯ ಎದುರಿಗಿದ್ದಾನೆ ಅಂತಲೇ ಕೆಲಸ ಮಾಡುವ ತಂತ್ರಾಂಶ. ಏನಾದರೂ ಅನುಮಾನ ಬಂದರೆ ಒಂದು ಪ್ರಶ್ನೆ ಪೆಟ್ಟಿಗೆ ತೆರೆದು ಉತ್ತರಕ್ಕೆ ಕಾಯುತ್ತದೆ. ಸ್ಲೈಡ್‌ಗೆ ಎಕ್ಸೆಲ್ ಫೈಲ್ ಜೋಡಿಸಿದ್ದರೆ ತೆರೆಯುವಾಗ "ಲಿಂಕ್ ಹೊಸದು ಮಾಡಲೇ" ಅಂತ ಕೇಳುತ್ತದೆ. ಒತ್ತುವವರು ಯಾರೂ ಇಲ್ಲದಿದ್ದರೆ ಆ ಪೆಟ್ಟಿಗೆ ಹಾಗೇ ನಿಂತಿರುತ್ತದೆ.

ಹಣ ಉಳಿಸಬೇಕು ಅಂದರೆ ಪವರ್‌ಪಾಯಿಂಟ್‌ನಂಥದ್ದೇ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಇಂಪ್ರೆಸ್ ಇದೆ. ಅದನ್ನು ಕಮಾಂಡ್‌ನಿಂದ ನೇರ ಶೋ ಆಗಿಯೇ ತೆರೆಯಬಹುದು. ನೋ-ರಿಸ್ಟೋರ್ ಎಂಬ ಆಯ್ಕೆ ಸೇರಿಸಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಹಳೇ ಫೈಲ್ ವಾಪಸ್ ಬೇಕೇ ಅಂತ ಕೇಳುತ್ತಾ ಕೂರುತ್ತದೆ. ಇಂಪ್ರೆಸ್‌ಗೂ ಯುನೋ ಅಂತ ಪ್ರೋಗ್ರಾಮ್ ದಾರಿ ಇದೆ. ಪೈಥಾನ್‌ನಿಂದಲೇ ಮುಂದೆ ಹೋಗು, ಇಷ್ಟನೇ ಸ್ಲೈಡ್‌ಗೆ ಹೋಗು, ಪರದೆ ಕಪ್ಪು ಮಾಡು ಅಂತ ಹೇಳಬಹುದು.

ಇನ್ನೊಂದು, ಪೈಥಾನ್-ಪಿಪಿಟಿಎಕ್ಸ್ ಲೈಬ್ರರಿಯ ಹೆಸರು ಎಲ್ಲರೂ ಹೇಳುತ್ತಾರೆ. ಅದು ಫೈಲ್ ಬರೆಯುತ್ತದೆ, ತಿದ್ದುತ್ತದೆ. ಶೋ ಓಡಿಸುವುದಿಲ್ಲ. "ರಾಶಿ_ದರ" ಅಂತ ಗುರುತು ಹಾಕಿ ಅದನ್ನು ಹುಡುಕಿ ಬದಲಿಸಲು ಹೋದರೆ ಕೆಲವೊಮ್ಮೆ ಸಿಗುವುದೇ ಇಲ್ಲ. ಯಾಕೆಂದರೆ ಪವರ್‌ಪಾಯಿಂಟ್ ಒಂದೇ ಪದವನ್ನು ಒಳಗೆ ಎರಡು ಮೂರು ತುಂಡು ಮಾಡಿ ಇಟ್ಟಿರುತ್ತದೆ. ಇದರಲ್ಲಿ ನಾನು ಎರಡು ರಾತ್ರಿ ಕಳೆದಿದ್ದೇನೆ. ಗುರುತಿನ ಪದವನ್ನು ಪೂರ್ತಿ ಅಳಿಸಿ, ಒಂದೇ ಸಲಕ್ಕೆ ಟೈಪ್ ಮಾಡಿದರೆ ಹೆಚ್ಚಾಗಿ ಸರಿಹೋಗುತ್ತದೆ.

ನಿಮ್ಮಲ್ಲಿ ನಾಲ್ಕೇ ಬಗೆ. ನಮ್ಮ ಕಡೆ ಚಾಲಿ, ಸಿಪ್ಪೆಗೋಟು, ಬಿಳೆಗೋಟು, ಕೆಂಪುಗೋಟು, ಕೋಕ ಅಂತ ಪಟ್ಟಿ ಉದ್ದ. ಕೆಲವು ದಿನ ಕೆಲವು ಬಗೆಗೆ ವ್ಯಾಪಾರವೇ ಇರುವುದಿಲ್ಲ. ಸಾಲು ಎಷ್ಟು ಬಂದರೂ ಹೊಂದಿಕೊಳ್ಳುವ ಹಾಗೆ ಮೊದಲೇ ಯೋಚಿಸಿ.

ಅಕ್ಷರ ಜೋಡಣೆ, ಸೊರಬ

ನಾನು ಹದಿನೈದು ವರ್ಷದಿಂದ ಡಿಟಿಪಿ ಮಾಡುತ್ತೇನೆ. ಅಣ್ಣ, ಮೊದಲು ಒಂದು ಕೇಳುತ್ತೇನೆ. ನಿಮ್ಮ ಸ್ಲೈಡ್ ಯಾವ ಅಕ್ಷರದಲ್ಲಿದೆ? ಹಳೇ ನುಡಿ ಫಾಂಟ್‌ನಲ್ಲಿದ್ದರೆ ಈ ದಾರಿಗಳೆಲ್ಲ ಅಲ್ಲೇ ಮುಗ್ಗರಿಸುತ್ತವೆ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಒಳಗಿರುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲೆ ಕನ್ನಡದ ರೂಪ ಹೊದಿಸಿರುತ್ತಾರೆ. ಆ ಫಾಂಟ್ ಇಲ್ಲದ ಯಂತ್ರಕ್ಕೆ ಫೈಲ್ ಹೋದರೆ ಟಿವಿ ತುಂಬಾ ಅರ್ಥವಿಲ್ಲದ ಗುರುತು ಬರುತ್ತದೆ. ಪೈಥಾನ್‌ನಿಂದ ಯುನಿಕೋಡ್ (ಎಲ್ಲ ಯಂತ್ರಕ್ಕೂ ಒಂದೇ ಆದ ಅಕ್ಷರ ಸಂಕೇತ) ಕನ್ನಡ ತುಂಬಿದರೂ ಹೊಂದುವುದಿಲ್ಲ. ಮೊದಲು ಎಲ್ಲವನ್ನೂ ಯುನಿಕೋಡ್‌ಗೆ ತನ್ನಿ. ನೋಟೋ ಸಾನ್ಸ್ ಕನ್ನಡ ಎಂಬ ಫಾಂಟ್ ದೂರದಿಂದ ಚೆನ್ನಾಗಿ ಕಾಣುತ್ತದೆ, ದುಡ್ಡೂ ಇಲ್ಲ.

ಸ್ಲೈಡನ್ನು ಚಿತ್ರ ಮಾಡಿ ತೋರಿಸುತ್ತೇನೆ ಅಂತ ಪೈಥಾನ್‌ನ ಪಿಲ್ಲೋ ಲೈಬ್ರರಿ ಬಳಸುವವರಿಗೂ ಒಂದು ಮಾತು. ಅದರಲ್ಲಿ ರಾಕ್ಮ್ ಎಂಬ ಭಾಗ ಸೇರಿರದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. "ಬೆಟ್ಟೆ" ಅನ್ನುವುದು "ಬೆಟ್‌ಟೆ" ಆಗಿ ಬರುತ್ತದೆ. ಓದುವ ರೈತರಿಗೆ ಅದು ಅವಮಾನ ಅಂತ ನನ್ನ ಭಾವನೆ. ನಮ್ಮ ಭಾಷೆ ಗೋಡೆ ಮೇಲೆ ಬಂದರೆ ಸರಿಯಾಗಿ ಬರಬೇಕು.

ತುಂಗೆಯ ದಂಡೆ, ತೀರ್ಥಹಳ್ಳಿ

ಅಕ್ಕ, ನಿಮ್ಮ ಊಹೆ ನಿಜ. ಐದು ಸ್ಲೈಡ್ ನುಡಿಯಲ್ಲೇ ಇವೆ. ಈ ಭಾನುವಾರ ಕೂತು ಬದಲಿಸುತ್ತೇನೆ.

ದುರ್ಗಿಗುಡಿಯವರ ದಾರಿ ನಿನ್ನೆ ಮಾಡಿ ನೋಡಿದೆ. ಶೋ ಓಡುತ್ತಿರುವಾಗಲೇ ದರ ಬದಲಾದದ್ದು ಕಂಡು ಬಹಳ ಖುಷಿಯಾಯಿತು. ಆದರೆ ಈ ಹಳೇ ಕಂಪ್ಯೂಟರ್ ಶುರುವಾಗಿ ಶೋ ಬರುವ ಹೊತ್ತಿಗೆ ಆರು ನಿಮಿಷ ಆಗುತ್ತದೆ. ಅಷ್ಟರಲ್ಲಿ ಇನ್ನೊಮ್ಮೆ ಕರೆಂಟ್ ಹೋಗಿರುತ್ತದೆ.

ಕಾಫಿ ಕಣಿವೆ, ಕೊಪ್ಪ

ನಮ್ಮಲ್ಲೂ ಇದೇ ಮಳೆ, ಇದೇ ಕರೆಂಟ್. ನಾನು ಎರಡು ಕಡೆ ರಾಸ್ಪ್‌ಬೆರಿ ಪೈ ಎಂಬ ಅಂಗೈ ಗಾತ್ರದ ಕಂಪ್ಯೂಟರ್ ಹಾಕಿದ್ದೇನೆ. ಅನುಭವದಿಂದ ಹೇಳುತ್ತೇನೆ, ಪವರ್‌ಪಾಯಿಂಟನ್ನು ಮನೆಯಲ್ಲೇ ಬಿಡಿ. ಟಿವಿಗೆ ಬ್ರೌಸರ್ ಸಾಕು.

ದರದ ಪುಟವನ್ನು ಎಚ್‌ಟಿಎಂಎಲ್‌ನಲ್ಲಿ, ಅಂದರೆ ವೆಬ್ ಪುಟವಾಗಿ, ಮಾಡಿ. ಕ್ರೋಮಿಯಂ ಬ್ರೌಸರನ್ನು ಕಿಯೋಸ್ಕ್ ಆಯ್ಕೆಯೊಂದಿಗೆ ತೆರೆದರೆ ಪರದೆ ತುಂಬಾ ಅದೊಂದೇ ಇರುತ್ತದೆ. ಅಡ್ರೆಸ್ ಪಟ್ಟಿ, ಬಟನ್ ಏನೂ ಕಾಣುವುದಿಲ್ಲ. ಸ್ಲೈಡ್ ತಿರುಗಿಸಲು ರಿವೀಲ್ ಜೆಎಸ್ ಎಂಬ ಲೈಬ್ರರಿ ಇದೆ. ಎಷ್ಟು ಹೊತ್ತಿಗೆ ಮುಂದೆ ಹೋಗಬೇಕು, ಮತ್ತೆ ಮೊದಲಿಂದ ಬರಬೇಕೇ ಅಂತ ಎರಡು ಸಾಲಿನಲ್ಲಿ ಹೇಳಿದರೆ ಸಾಕು. ಇಂತಿಷ್ಟನೇ ಸ್ಲೈಡ್‌ಗೆ ಹೋಗು ಅಂತಲೂ ಹೇಳಬಹುದು. ಬೆಳಿಗ್ಗೆ ಸಾಲ, ಮಧ್ಯಾಹ್ನ ದರ ಅನ್ನುವುದು ಗಡಿಯಾರ ನೋಡುವ ಒಂದು ಷರತ್ತು ಅಷ್ಟೇ. ಕನ್ನಡದ ಒತ್ತಕ್ಷರ ಬ್ರೌಸರ್‌ನಲ್ಲಿ ತಾನೇ ಸರಿಯಾಗಿ ಕೂರುತ್ತದೆ. ಸಾಗರದವರ ಉದ್ದ ಪಟ್ಟಿಗೂ ತೊಂದರೆ ಇಲ್ಲ, ಸಾಲು ಎಷ್ಟಿದ್ದರೂ ಟೇಬಲ್ ಬೆಳೆಯುತ್ತದೆ.

ಅಂಕಿಗಳನ್ನು ಪುಟದೊಳಗೆ ಬರೆಯಬೇಡಿ. ಗೂಗಲ್ ಶೀಟ್‌ನಲ್ಲಿ ಇಡಿ. ಅದನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ರೂಪದಲ್ಲಿ ವೆಬ್‌ಗೆ ಪ್ರಕಟಿಸಬಹುದು. ನೀವು ಫೋನಿನಿಂದ ಶೀಟ್ ತಿದ್ದುತ್ತೀರಿ. ಪೈ ಐದು ನಿಮಿಷಕ್ಕೊಮ್ಮೆ ಅದನ್ನು ಇಳಿಸಿಕೊಳ್ಳುತ್ತದೆ. ಶೀಟ್ ತಿದ್ದಿದ ಮೇಲೆ ಪ್ರಕಟವಾಗಲು ಕೆಲವು ನಿಮಿಷ ತಡ ಆಗುತ್ತದೆ, ಗಾಬರಿ ಬೇಡ. ಇಳಿಸಿಕೊಂಡದ್ದನ್ನು ಪೈನಲ್ಲೇ ಉಳಿಸಿ, ಪುಟ ಅಲ್ಲಿಂದ ಓದಲಿ. ನೆಟ್ ಹೋದರೂ ಪರದೆ ಖಾಲಿ ಆಗುವುದಿಲ್ಲ. ಇದಕ್ಕೆ ಪೈ ಒಳಗೆ ಒಂದು ಸಣ್ಣ ಸರ್ವರ್ ಬೇಕು, ಪೈಥಾನ್ ಜೊತೆ ಬರುವುದೇ ಸಾಕು. ನೇರ ಫೈಲ್ ಆಗಿ ತೆರೆದ ಪುಟಕ್ಕೆ ಪಕ್ಕದ ಫೈಲ್ ಓದಲು ಕ್ರೋಮಿಯಂ ಬಿಡುವುದಿಲ್ಲ.

ದುರ್ಗಿಗುಡಿ ರಸ್ತೆ, ಶಿವಮೊಗ್ಗ

ಕೊಪ್ಪದವರ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಸಭೆ ನೋಟಿಸು, ಗೊಬ್ಬರದ ಸ್ಲೈಡ್ ಮಾಡುವವರು ಆಫೀಸಿನ ಬೇರೆ ಸಿಬ್ಬಂದಿ ಅಲ್ವಾ? ಅವರಿಗೆ ಪವರ್‌ಪಾಯಿಂಟ್ ಗೊತ್ತು, ಎಚ್‌ಟಿಎಂಎಲ್ ಗೊತ್ತಿಲ್ಲ. ಅವರ ಕೈಯಿಂದ ಆ ಕೆಲಸ ಕಿತ್ತುಕೊಂಡರೆ ನಾಳೆ ನೀವು ಬೇರೆ ಊರಿಗೆ ಹೋದ ದಿನ ಟಿವಿ ಸತ್ತಂತೆಯೇ. ಆ ಸ್ಲೈಡ್‌ಗಳನ್ನು ಅವರು ಮೊದಲಿನಂತೆ ಮಾಡಲಿ. ಲಿಬ್ರೆಆಫೀಸ್ ಪರದೆ ಇಲ್ಲದೇ ಅದನ್ನು ಪಿಡಿಎಫ್ ಮಾಡುತ್ತದೆ. ಪಿಡಿಎಫ್‌ನ ಒಂದೊಂದು ಪುಟವನ್ನು ಚಿತ್ರ ಮಾಡಿ ಬ್ರೌಸರ್ ಶೋಗೆ ಸೇರಿಸಿ. ಚಲಿಸುವ ಅಲಂಕಾರ ಹೋಗುತ್ತದೆ, ಹೋಗಲಿ. ದರದ ಪುಟ ಒಂದೇ ಎಚ್‌ಟಿಎಂಎಲ್ ಇರಲಿ.

ಕಾಫಿ ಕಣಿವೆ, ಕೊಪ್ಪ

ಇದು ಒಳ್ಳೆಯ ಮಾತು. ನಾನು ಒಬ್ಬನೇ ಎಲ್ಲವನ್ನೂ ಮಾಡುವ ಜಾಗ ಆದ್ದರಿಂದ ನನಗೆ ಹೊಳೆದಿರಲಿಲ್ಲ.

ಅಡಿಕೆ ಬೆಳೆಗಾರ, ಆಗುಂಬೆ ಕಡೆ

ನನಗೆ ಪ್ರೋಗ್ರಾಮ್ ಗೊತ್ತಿಲ್ಲ. ಮಗ ತೋರಿಸಿದ, ಪೂರ್ತಿ ಓದಿದೆ. ಬೋರ್ಡ್ ನೋಡುವವರ ಕಡೆಯಿಂದ ಎರಡು ಮಾತು ಹೇಳಬಹುದಾ?

ದರದ ಸ್ಲೈಡ್ ಬೇಗ ಓಡಿಹೋಗುತ್ತದೆ. ಕನ್ನಡಕ ತೆಗೆದು ಹಾಕಿಕೊಳ್ಳುವಷ್ಟರಲ್ಲಿ ಗೊಬ್ಬರ ಬಂದಿರುತ್ತದೆ. ಕಡಿಮೆ ಅಂದರೂ ಇಪ್ಪತ್ತು ಸೆಕೆಂಡ್ ನಿಲ್ಲಿಸಿ. ಬರೀ ಹೆಚ್ಚಿನ ದರ ಹಾಕಬೇಡಿ. ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ವ್ಯಾಪಾರ ನಡೆದ ದರ) ಅಂತ ಮೂರೂ ಕೊಡುತ್ತಾರೆ. ಗರಿಷ್ಠ ಸಿಗುವುದು ಯಾವುದೋ ಒಂದೆರಡು ಲಾಟಿಗೆ. ನಮ್ಮ ಮಾಲಿಗೆ ಹತ್ತಿರದ್ದು ಮಾದರಿ ದರ. ಯಾವ ಮಾರುಕಟ್ಟೆಯದ್ದು ಅಂತಲೂ ಬರೆಯಿರಿ.

ಮತ್ತೆ ಆ ಹಿರಿಯರ ವಿಷಯ. ಸ್ಲೈಡ್ ಮೇಲೆ ದಿನಾಂಕ ಇರಲಿಲ್ಲವೇ? ನಾವು ಮೊದಲು ನೋಡುವುದೇ ಅದನ್ನು.

ತುಂಗೆಯ ದಂಡೆ, ತೀರ್ಥಹಳ್ಳಿ

ದಿನಾಂಕ ಇತ್ತು. ನೀವು ಕೇಳಿದ ಮೇಲೆ ಹೋಗಿ ನೋಡಿದೆ, ಮೈ ಜುಮ್ಮೆಂದಿತು. ಪವರ್‌ಪಾಯಿಂಟ್‌ನಲ್ಲಿ ದಿನಾಂಕ ಹಾಕುವಾಗ "ತಾನಾಗಿ ಬದಲಾಗಲಿ" ಅನ್ನುವ ಆಯ್ಕೆ ಒತ್ತಿದ್ದೆ. ದಿನಾ ತಿದ್ದುವ ಕೆಲಸ ತಪ್ಪಲಿ ಅಂತ. ಬುಧವಾರ ಆ ಹಿರಿಯರು ನೋಡಿದಾಗ ಸೋಮವಾರದ ದರದ ಮೇಲೆ ಬುಧವಾರದ ದಿನಾಂಕ ಇತ್ತು. ಅವರು ಸರಿಯಾಗಿಯೇ ಓದಿದ್ದಾರೆ. ಬೋರ್ಡ್ ಸುಳ್ಳು ಹೇಳಿದೆ.

ಚಾಲಿ ಅಂಗಳ, ಸಾಗರ

ಇದನ್ನು ಓದಿ ನಮ್ಮ ಸ್ಲೈಡ್ ತೆರೆದು ನೋಡಿದೆ. ನಮ್ಮದೂ ಹಾಗೇ ಇತ್ತು. ಈಗಲೇ ತೆಗೆದೆ.

ಶೀಟ್‌ನಲ್ಲೂ ಇವತ್ತಿನ ದಿನಾಂಕ ತರುವ ಸೂತ್ರ ಹಾಕಬೇಡಿ. ದರ ಟೈಪ್ ಮಾಡುವ ಸಾಲಿನಲ್ಲೇ ದಿನಾಂಕವನ್ನೂ ಕೈಯಿಂದ ಟೈಪ್ ಮಾಡಿ. ದರ ಮತ್ತು ದಿನಾಂಕ ಜೊತೆಯಾಗಿ ಬರಬೇಕು, ಜೊತೆಯಾಗಿ ಹೋಗಬೇಕು. ಹೊಸ ದಿನಾಂಕ ಇಲ್ಲದೇ ಹೊಸ ದರ ಬಂದರೆ ಪ್ರೋಗ್ರಾಮ್ ಅದನ್ನು ತೆಗೆದುಕೊಳ್ಳಲೇಬಾರದು.

ಕಾಫಿ ಕಣಿವೆ, ಕೊಪ್ಪ

ಹೌದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ದರ ಹಳೆಯದಾದರೆ ಪುಟ ತಾನೇ ಅಂಕಿ ತೆಗೆದು "ಇವತ್ತಿನ ದರ ಬಂದಿಲ್ಲ, ಕೌಂಟರ್‌ನಲ್ಲಿ ಕೇಳಿ" ಅಂತ ತೋರಿಸಲಿ. ಖಾಲಿ ಬೋರ್ಡ್ ನೋಡಿದವರು ಕೇಳುತ್ತಾರೆ. ಹಳೇ ದರ ನೋಡಿದವರು ಚೀಲ ಲೋಡ್ ಮಾಡಿಸುತ್ತಾರೆ.

ಆದರೆ 24 ಗಂಟೆ ಅಂತ ಲೆಕ್ಕ ಇಡಬೇಡಿ. ಭಾನುವಾರ ವ್ಯಾಪಾರ ಇಲ್ಲ, ಹಬ್ಬದ ರಜೆ ಬೇರೆ. ಶನಿವಾರದ ದರ ಸೋಮವಾರ ಬೆಳಿಗ್ಗೆಯವರೆಗೂ ಕೊನೇ ವ್ಯಾಪಾರದ ದರವೇ. ಶೀಟ್‌ನಲ್ಲಿ ರಜಾ ದಿನಗಳ ಒಂದು ಪಟ್ಟಿ ಇಟ್ಟು, ವ್ಯಾಪಾರದ ದಿನಗಳನ್ನು ಮಾತ್ರ ಎಣಿಸಿ. ದಿನಾಂಕದ ಪಕ್ಕ ವಾರದ ಹೆಸರನ್ನೂ ಬರೆಯಿರಿ. "ಶನಿವಾರದ ದರ" ಅಂದರೆ ಎಲ್ಲರಿಗೂ ತಕ್ಷಣ ತಿಳಿಯುತ್ತದೆ.

ಇಲ್ಲೇ ಒಂದು ಅಪಾಯ ಇದೆ. ರಾಸ್ಪ್‌ಬೆರಿ ಪೈ 4 ಮತ್ತು ಅದಕ್ಕೂ ಹಳೆಯವುಗಳಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಸಮಯವನ್ನು ನೆಟ್‌ನಿಂದ ತಿಳಿದುಕೊಳ್ಳುತ್ತದೆ. ನಮ್ಮಲ್ಲಿ ಕರೆಂಟ್ ಜೊತೆ ನೆಟ್ಟೂ ಹೋಗುತ್ತದೆ. ಕರೆಂಟ್ ಮೊದಲು ಬಂದು ನೆಟ್ ಬಾರದಿದ್ದರೆ ಪೈ ತಾನು ಆರಿದ ಹೊತ್ತಿನ ಆಸುಪಾಸಿನಲ್ಲೇ ಇದ್ದೇನೆ ಅಂದುಕೊಳ್ಳುತ್ತದೆ. ಆಗ ಎರಡು ದಿನ ಹಳೇ ದರವೂ ಅದಕ್ಕೆ ಹೊಸದೇ. ಡಿಎಸ್3231 ಎಂಬ ಸಣ್ಣ ಗಡಿಯಾರದ ಬೋರ್ಡ್ ಸಿಗುತ್ತದೆ, ಕೆಲವು ನೂರು ರೂಪಾಯಿ. ಖಂಡಿತ ಹಾಕಿ. ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಬ್ಯಾಟರಿ ಮಾತ್ರ ಬೇರೆ ತಂದು ಜೋಡಿಸಬೇಕು.

ಮೆಮೊರಿ ಕಾರ್ಡ್ ಕೂಡ ಬರೆಯುತ್ತಿರುವಾಗ ಕರೆಂಟ್ ಹೋದರೆ ಕೆಡಬಹುದು. ಪೈ ಸೆಟ್ಟಿಂಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಅಂತ ಇದೆ. ಅದನ್ನು ಹಾಕಿದರೆ ಕಾರ್ಡಿಗೆ ಏನೂ ಬರೆಯುವುದಿಲ್ಲ, ಎಲ್ಲ ಮೆಮೊರಿಯಲ್ಲೇ ನಡೆಯುತ್ತದೆ. ಆದರೆ ಇಳಿಸಿದ ದರವೂ ಕರೆಂಟ್ ಹೋದಾಗ ಅಳಿಸಿಹೋಗುತ್ತದೆ. ಅದಕ್ಕೆ ಮಾತ್ರ ಒಂದು ಸಣ್ಣ ಪೆನ್‌ಡ್ರೈವ್ ಬೇರೆ ಇಡಿ.

ಅಕ್ಷರ ಜೋಡಣೆ, ಸೊರಬ

ಅಂಕಿ ದೊಡ್ಡದಾಗಿ ಇರಲಿ ಅಣ್ಣ, ದಿನಾಂಕವೂ ಅಷ್ಟೇ ದೊಡ್ಡದಾಗಿ ಇರಲಿ. ಮೂಲೆಯಲ್ಲಿ ಚಿಕ್ಕದಾಗಿ ಹಾಕಿದರೆ ಇಷ್ಟು ಯೋಚನೆ ಮಾಡಿದ್ದು ವ್ಯರ್ಥ. ಗಾಢ ಹಸಿರು ನೆಲಕ್ಕೆ ಬಿಳಿ ಅಕ್ಷರ ಹಗಲಿನ ಬೆಳಕಿನಲ್ಲೂ ಓದಲು ಬರುತ್ತದೆ. ಕೆಂಪು ನೆಲ ಬೇಡ.

ತುಂಗೆಯ ದಂಡೆ, ತೀರ್ಥಹಳ್ಳಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಪೈ 4, ಗಡಿಯಾರದ ಬೋರ್ಡ್, ರೂಟರಿಗೆ ಒಂದು ಸಣ್ಣ ಯುಪಿಎಸ್ ಹಾಕಿದ್ದೇವೆ. ಕರೆಂಟ್ ಬಂದ ಮೇಲೆ ಒಂದು ನಿಮಿಷದೊಳಗೆ ಶೋ ಬರುತ್ತದೆ. ಸಿಬ್ಬಂದಿಯ ಸ್ಲೈಡ್‌ಗಳು ದುರ್ಗಿಗುಡಿಯವರು ಹೇಳಿದಂತೆ ಚಿತ್ರವಾಗಿ ಬರುತ್ತಿವೆ. ದರದ ಪುಟ 25 ಸೆಕೆಂಡ್ ನಿಲ್ಲುತ್ತದೆ, ಪ್ರತಿ ಎರಡು ಸ್ಲೈಡ್‌ಗೊಮ್ಮೆ ಮರಳಿ ಬರುತ್ತದೆ. ಮೇಲೆ ಮಾರುಕಟ್ಟೆ ಹೆಸರು, ವಾರ, ದಿನಾಂಕ. ಕೆಳಗೆ ಕನಿಷ್ಠ, ಗರಿಷ್ಠ, ಮಾದರಿ.

ನಡುವೆ ಒಂದು ದಿನ ಪಟ್ಟಿಯಲ್ಲಿ ಎರಡೇ ಸಾಲು ಬಂದು ಉಳಿದದ್ದು ಮಾಯ. ಫೈಲ್ ಅರ್ಧ ಇಳಿದಿದ್ದಾಗಲೇ ಪುಟ ಅದನ್ನು ಓದಿತ್ತು. ಈಗ ಬೇರೆ ಹೆಸರಿನಲ್ಲಿ ಇಳಿಸಿ, ಪೂರ್ತಿ ಬಂದಿದೆಯೇ ಅಂತ ಸಾಲು ಎಣಿಸಿ, ಆಮೇಲೆ ಹೆಸರು ಬದಲಿಸುತ್ತೇನೆ. ಹೆಸರು ಬದಲಾಗುವುದು ಒಂದೇ ಏಟಿಗೆ ಆಗುವುದರಿಂದ ಅರ್ಧಂಬರ್ಧ ಕಾಣುವುದಿಲ್ಲ.

ಒಂದು ಕೆಲಸ ಉಳಿದಿದೆ. ರಾತ್ರಿ ಟಿವಿ ಆರಿಸಲು ಕಾವಲಿನವರು ಮರೆಯುತ್ತಾರೆ. ಪೈನಿಂದಲೇ ಆರಿಸಬಹುದಾ?

ದುರ್ಗಿಗುಡಿ ರಸ್ತೆ, ಶಿವಮೊಗ್ಗ

ಆಗುತ್ತದೆ. ಎಚ್‌ಡಿಎಂಐ ಕೇಬಲ್‌ನಲ್ಲೇ ಸಿಇಸಿ ಎಂಬ ಸಂಕೇತದ ದಾರಿ ಇದೆ. ಟಿವಿ ಸೆಟ್ಟಿಂಗ್‌ನಲ್ಲಿ ಅದನ್ನು ಮೊದಲು ಚಾಲೂ ಮಾಡಿ. ಒಂದೊಂದು ಕಂಪನಿ ಒಂದೊಂದು ಹೆಸರಿಡುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಪೈನಲ್ಲಿ ಸಿಇಸಿ-ಕ್ಲೈಂಟ್ ಎಂಬ ಪ್ರೋಗ್ರಾಮ್ ಹಾಕಿಕೊಂಡು, ಗೊತ್ತಾದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಸಂಜೆ ಆರಿಸುವ ಸಾಲು, ಬೆಳಿಗ್ಗೆ ಹಚ್ಚುವ ಸಾಲು ಬರೆಯಿರಿ. ಹಚ್ಚುವ ಸಾಲನ್ನು ಪೈ ಶುರುವಾದಾಗಲೂ ಓಡಿಸಿ, ಆದರೆ ಆಫೀಸ್ ಸಮಯದಲ್ಲಿ ಮಾತ್ರ. ಕೆಲವು ಟಿವಿ ಕರೆಂಟ್ ಹೋಗಿ ಬಂದ ಮೇಲೆ ಕೆಂಪು ದೀಪದಲ್ಲೇ ಕೂತಿರುತ್ತವೆ.

ಚಾಲಿ ಅಂಗಳ, ಸಾಗರ

ನಿಮ್ಮ ಪುಟವನ್ನು ನಮ್ಮಲ್ಲೂ ಹಾಕಬೇಕು ಅಂತಿದ್ದೇನೆ. ಆರೇಳು ಸಾಲು ಬಂದರೆ ಅಕ್ಷರ ಚಿಕ್ಕದಾಗುತ್ತದಾ?

ತುಂಗೆಯ ದಂಡೆ, ತೀರ್ಥಹಳ್ಳಿ

ಇಲ್ಲ ಸರ್. ಅಕ್ಷರದ ಗಾತ್ರ ಬದಲಾಗದಂತೆ ಇಟ್ಟಿದ್ದೇನೆ. ಐದು ಸಾಲಿಗಿಂತ ಜಾಸ್ತಿ ಇದ್ದರೆ ಎರಡು ಪುಟ ಆಗುತ್ತದೆ. ಎರಡರ ಮೇಲೂ ದಿನಾಂಕ ಬರುತ್ತದೆ.